ಊಟದ ಮೇಜಿನ ಮೇಲೆ ಹತ್ತು ಪೇಂಟ್‌ಬಾಲ್ ಮಾರ್ಕರ್‌ಗಳು

(ಮಣಿಕೊಂಡದಲ್ಲಿ ನಡೆದ ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಕೂಟದಲ್ಲಿ ಇದುವರೆಗೆ ಕಸೂತಿಯ ಬಗ್ಗೆ ಕೇಳಿದ್ದೇವೆ, ತಾರಸಿ ತೋಟದ ಬಗ್ಗೆ ಕೇಳಿದ್ದೇವೆ, ಮಳೆಗಾಲಕ್ಕೆ ಹಪ್ಪಳ ಸಂಡಿಗೆ ಕೆಡದಂತೆ ಇಡುವುದು ಹೇಗೆ ಎಂದು ತಿಳಿದುಕೊಂಡಿದ್ದೇವೆ. ಈ ಸಲದ ವಿಷಯ ವಾಟ್ಸಾಪ್ ಗುಂಪಿಗೆ ಬಂದ ಕೂಡಲೇ "ಇದೇನು, ಬಂದೂಕಿನ ವಿಷಯವೇ?" ಎಂದು ಮೂರು ಜನ ಕೇಳಿದರು. ಇನ್ನೊಬ್ಬರು ನಗುವ ಮುಖ ಹಾಕಿ ಸುಮ್ಮನಾದರು. ನಮ್ಮ ಅತ್ತೆಯವರಂತೂ ಒಂದು ವರ್ಷದಿಂದ ಬಂದವರಿಗೆಲ್ಲ "ನಮ್ಮ ಸೊಸೆ ಕೋವಿ ರಿಪೇರಿ ಮಾಡ್ತಾಳೆ" ಎಂದು ಪರಿಚಯ ಮಾಡಿಕೊಡುತ್ತಿದ್ದಾರೆ. ಹಾಗಾಗಿ ಮೊದಲು ಇದು ಏನು, ಏನಲ್ಲ ಎಂದು ಹೇಳಿಬಿಡುತ್ತೇನೆ.

ಪೇಂಟ್‌ಬಾಲ್ ಆಟದಲ್ಲಿ ಬಳಸುವ ಸಾಧನಕ್ಕೆ ಮಾರ್ಕರ್ ಎಂದು ಹೆಸರು. ಮಾರ್ಕರ್ ಎಂದರೆ ಗುರುತು ಹಾಕುವುದು. ಅದರ ಹುಟ್ಟೂ ಅಲ್ಲೇ. ಅಮೆರಿಕದ ನೆಲ್ಸನ್ ಪೇಂಟ್ ಕಂಪನಿಯವರು ಕಾಡಿನಲ್ಲಿ ಕಡಿಯಬೇಕಾದ ಮರಗಳಿಗೆ ದೂರದಿಂದಲೇ ಬಣ್ಣದ ಗುರುತು ಹಾಕಲು ‘ನೆಲ್‌ಸ್ಪಾಟ್ 007’ ಎಂಬ ಪಿಸ್ತೂಲಿನಂಥ ಸಾಧನವನ್ನು ಮಾರುತ್ತಿದ್ದರು. ದನ ಸಾಕುವವರು ಮಂದೆಯಲ್ಲಿ ಯಾವ ಹಸುವನ್ನು ಬೇರೆ ಮಾಡಬೇಕೋ ಅದರ ಮೈಮೇಲೆ ಒಂದು ಚುಕ್ಕೆ ಬೀಳಿಸಲು ಅದನ್ನೇ ಬಳಸುತ್ತಿದ್ದರು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹೆನಿಕರ್ ಎಂಬ ಊರಿನ ಕಾಡಿನಲ್ಲಿ 12 ಜನ ಈ ಸಾಧನ ಹಿಡಿದು ಒಂದು ಆಟ ಆಡಿದರು. ಕಾಡಿನಲ್ಲಿ ಅಡಗಿಸಿಟ್ಟ ಬಾವುಟಗಳನ್ನು ಯಾರ ಕೈಗೂ ಸಿಗದೆ ಸಂಗ್ರಹಿಸಬೇಕು, ಬಣ್ಣ ತಗುಲಿದವರು ಹೊರಗೆ. ಪೇಂಟ್‌ಬಾಲ್ ಆಟದ ಮೊದಲ ಪಂದ್ಯ ಅದು. ಗೆದ್ದವರು ರಿಚಿ ವೈಟ್ ಎಂಬ ಕಾಡು ಬಲ್ಲ ಮನುಷ್ಯ. ಅವರು ಇಡೀ ಆಟದಲ್ಲಿ ಒಂದು ಗುಂಡನ್ನೂ ಹಾರಿಸಲಿಲ್ಲ. ಸದ್ದಿಲ್ಲದೆ ಹೋಗಿ ಬಾವುಟ ತಂದರು.

ಈ ಮಾತನ್ನು ನೆನಪಿನಲ್ಲಿಡಿ. ನಾನು ಇವತ್ತು ಹೇಳುವುದರ ಹುರುಳೆಲ್ಲ ಅದರಲ್ಲೇ ಇದೆ.

ನಮ್ಮ ಹೈದರಾಬಾದಿನಲ್ಲಿ ಈ ಆಟ ಹೊಸದೇನಲ್ಲ. ರಾಮೋಜಿ ಫಿಲ್ಮ್ ಸಿಟಿಯ ‘ಸಾಹಸ್’ ನೋಡಿ ಬಂದವರು ಅಲ್ಲಿ ಆಡಿರಬಹುದು. ಗಚ್ಚಿಬೌಲಿ, ನಾನಕ್‌ರಾಮ್‌ಗುಡದ ಕಂಪನಿಗಳವರು ತಂಡ ಕಟ್ಟುವ ನೆಪದಲ್ಲಿ ಶನಿವಾರ ಭಾನುವಾರ ಊರ ಹೊರಗಿನ ಮೈದಾನಗಳಿಗೆ ಹೋಗಿ ಆಡುತ್ತಾರೆ. ನನ್ನ ತಮ್ಮ ಇಬ್ಬರು ಗೆಳೆಯರೊಂದಿಗೆ ಸೇರಿ ಶಂಕರಪಲ್ಲಿ ಕಡೆ ಒಂದು ಮಾವಿನ ತೋಪನ್ನು ಬಾಡಿಗೆಗೆ ಹಿಡಿದು ಅಂಥದೊಂದು ಚಿಕ್ಕ ಮೈದಾನ ಶುರು ಮಾಡಿದ. ಮುಚ್ಚಿಹೋದ ಒಂದು ಮೈದಾನದಿಂದ 10 ಹಳೆಯ ಮಾರ್ಕರ್, 10 ಮುಖವಾಡ ಕೊಂಡುಕೊಂಡಿದ್ದ. ಹೊಸದು ತರಲು ಅವನ ಕೈಯಲ್ಲಿ ಹಣ ಇರಲಿಲ್ಲ. ಹಳೆಯವು ಗಾಳಿ ಸೋರುತ್ತಿದ್ದವು, ಗುಂಡುಗಳು ನಳಿಗೆಯೊಳಗೇ ಒಡೆಯುತ್ತಿದ್ದವು. ಬಂದವರು ಅರ್ಧ ಆಟಕ್ಕೆ ಬೇಸತ್ತು ಹಣ ವಾಪಸ್ ಕೇಳುತ್ತಿದ್ದರು. ಮೈದಾನ ನಡೆಯದಿದ್ದರೆ ಊರಿಗೆ ವಾಪಸ್ ಹೋಗುವುದೊಂದೇ ದಾರಿ ಎನ್ನುವ ಸ್ಥಿತಿ. "ಅಕ್ಕ, ನಿನ್ನ ಕೈಲಿ ಮಿಕ್ಸಿ, ಹೊಲಿಗೆ ಮಷಿನ್ ಎಲ್ಲ ಸರಿ ಆಗ್ತದಲ್ಲ, ಇದನ್ನೂ ಒಂದ್ಸಲ ನೋಡು" ಎಂದು ಒಂದು ಗೋಣಿಚೀಲದಲ್ಲಿ ತಂದು ನಮ್ಮ ಊಟದ ಮೇಜಿನ ಮೇಲೆ ಸುರಿದ. ಖರ್ಚಿಗೆ ಅವನು ಕೊಡಬಹುದಾಗಿದ್ದದ್ದು ಒಟ್ಟು ₹15,000. ಒಂದು ಮಾರ್ಕರ್‌ಗೆ ₹1,500. ಮುಖವಾಡದ ಖರ್ಚೂ ಅದರಲ್ಲೇ.

ಕೆಲಸ ಶುರು ಮಾಡುವ ಮೊದಲೇ ನಾನು ಒಂದು ನಿಯಮ ಹಾಕಿದೆ. ಮಾರ್ಕರ್ ನಮ್ಮ ಮನೆಗೆ ಬರುವಾಗ ಅನಿಲದ ಸಿಲಿಂಡರ್ ಬಿಚ್ಚಿರಬೇಕು, ಹಾಪರ್ ಖಾಲಿ ಇರಬೇಕು, ಒಂದೇ ಒಂದು ಗುಂಡೂ ಜೊತೆಗೆ ಬರಬಾರದು. ಸಿಲಿಂಡರ್ ಬಿಚ್ಚಿದ ಮೇಲೂ ಒಳಗೆ ಸ್ವಲ್ಪ ಅನಿಲ ಉಳಿದಿರುತ್ತದೆ, ಅದನ್ನು ಮೈದಾನದಲ್ಲೇ ಹೊರಗೆ ಬಿಟ್ಟು ತರಬೇಕು. ಪರೀಕ್ಷೆ ಏನಿದ್ದರೂ ಅಲ್ಲೇ, ಮುಖವಾಡ ಹಾಕಿಕೊಂಡೇ. ಮಕ್ಕಳಿರುವ ಅಪಾರ್ಟ್‌ಮೆಂಟಿನಲ್ಲಿ ಒಂದು ಗುಂಡೂ ಹಾರಿಸಿಲ್ಲ.

ಈಗ ಅದು ಕೆಲಸ ಮಾಡುವ ಬಗೆ ಹೇಳುತ್ತೇನೆ. ನಮ್ಮಲ್ಲಿರುವವು ಟಿಪ್‌ಮನ್ 98 ಮಾದರಿಯವು. ಗಟ್ಟಿಮುಟ್ಟಾದ ಜಾತಿ, ಬಾಡಿಗೆಗೆ ಕೊಡುವವರ ಅಚ್ಚುಮೆಚ್ಚು. ಒಳಗೆ ಒಂದು ಸ್ಪ್ರಿಂಗ್ ಇದೆ, ಅದರ ಮುಂದೆ ಸುತ್ತಿಗೆಯಂತೆ ಹೊಡೆಯುವ ಒಂದು ಲೋಹದ ತುಂಡು ಇದೆ. ಟ್ರಿಗರ್ ಎಳೆದರೆ ಆ ಸುತ್ತಿಗೆ ಮುಂದೆ ಹೋಗಿ ಒಂದು ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಕ್ಷಣಮಾತ್ರ ತೆರೆದು ಒಂದು ಗುಟುಕು ಅನಿಲ ಬಿಡುತ್ತದೆ. ಆ ಅನಿಲದ ಒಂದು ಪಾಲು ಗುಂಡನ್ನು ಮುಂದೆ ದೂಡುತ್ತದೆ, ಇನ್ನೊಂದು ಪಾಲು ಸುತ್ತಿಗೆಯನ್ನು ಹಿಂದಕ್ಕೆ ತಳ್ಳಿ ಮುಂದಿನ ಸಲಕ್ಕೆ ಸಿದ್ಧ ಮಾಡುತ್ತದೆ. ಇಷ್ಟೇ. ಗುಂಡು ಎಂದರೆ ಜೆಲಟಿನ್ ಸಿಪ್ಪೆಯೊಳಗೆ ನೀರಿನಲ್ಲಿ ತೊಳೆದರೆ ಹೋಗುವ ಬಣ್ಣ. ನಾವು ನುಂಗುವ ಕ್ಯಾಪ್ಸೂಲ್ ಇರುತ್ತದಲ್ಲ, ಅದೇ ಕುಟುಂಬದ್ದು. ಜೆಲಟಿನ್ ಪ್ರಾಣಿಮೂಲದ್ದು, ಈ ವಿಷಯ ಮುಖ್ಯ ಎನ್ನುವವರಿಗೆ ಮೊದಲೇ ತಿಳಿದಿರಲಿ. ಗುಂಡಿನ ಅಳತೆ .68 ಇಂಚು, ಅಂದರೆ ಸುಮಾರು 17 ಮಿಲಿಮೀಟರ್. ತೂಕ ಸುಮಾರು 3 ಗ್ರಾಂ.

ಇಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮೂರಿನ ಪೆಟ್ಲು. ಕುಮಟಾ ಹೊನ್ನಾವರ ಕಡೆಯವರು ಇಲ್ಲಿ ಯಾರಾದರೂ ಇದ್ದರೆ ಈಗಲೇ ನಗುತ್ತಿರುತ್ತಾರೆ. ಚೌತಿ ಬಂತೆಂದರೆ ನಮ್ಮ ಕಡೆ ಮಕ್ಕಳ ಕೈಯಲ್ಲಿ ಪೆಟ್ಲು. ಗೇಣುದ್ದದ ಬಿದಿರಿನ ಕೊಳವೆ, ಅದಕ್ಕೆ ಸರಿಹೊಂದುವ ಒಂದು ದೂಡುಕೋಲು, ಗುಂಡಿಗೆ ಹಸಿ ಜುಮ್ಮನಕಾಯಿ. ಮೊದಲನೆಯ ಕಾಯಿಯನ್ನು ಕೊಳವೆಯ ತುದಿಯವರೆಗೆ ದೂಡಿ ಇಡಬೇಕು. ಎರಡನೆಯದನ್ನು ಹಿಂದಿನಿಂದ ದೂಡಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನ ಕಾಯಿ ‘ಪಟ್’ ಎಂದು ಹಾರುತ್ತದೆ. ಪೆಟ್ಲು ಆಡಿದವರಿಗೆಲ್ಲ ಗೊತ್ತು, ಎಷ್ಟು ಬಲವಾಗಿ ದೂಡಿದರೂ ಕಾಯಿ ಸಡಿಲವಾಗಿದ್ದರೆ ‘ಪುಸ್’ ಎಂದು ಗಾಳಿ ಪಕ್ಕದಲ್ಲಿ ಹೋಗಿಬಿಡುತ್ತದೆ. ತೀರಾ ದಪ್ಪ ಕಾಯಿ ಹಾಕಿದರೆ ಅಲ್ಲೇ ಜಜ್ಜಿಹೋಗುತ್ತದೆ. ಕಾಯಿ ಆರಿಸುವ ಹುಡುಗನೇ ಗೆಲ್ಲುವ ಹುಡುಗ.

ಪೇಂಟ್‌ಬಾಲ್ ನಳಿಗೆಯಲ್ಲೂ ಇದೇ ನ್ಯಾಯ. ಗುಂಡುಗಳು ಎಲ್ಲವೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಜೆಲಟಿನ್ ತೇವ ಹೀರಿ ಉಬ್ಬುತ್ತದೆ, ಒಣಗಿದರೆ ಪೆಡಸಾಗುತ್ತದೆ. ಜುಲೈ ಮಳೆಯಲ್ಲಿ ದಪ್ಪಗಾದ ಗುಂಡು ಮಾರ್ಚಿನಲ್ಲಿ ಸಣ್ಣಗಿರುತ್ತದೆ. ಹಾಗಾಗಿ ನನ್ನ ಮೊದಲ ‘ಮಾರ್ಪಾಡಿಗೆ’ ಒಂದು ಪೈಸೆಯೂ ಖರ್ಚಾಗಲಿಲ್ಲ. 10 ನಳಿಗೆಗಳನ್ನೂ ಬಿಚ್ಚಿ ಒಂದೊಂದಕ್ಕೂ ಗುಂಡು ಹಾಕಿ ನೋಡಿದೆವು. ತಾನಾಗಿ ಉರುಳಿ ಹೊರಗೆ ಬಿದ್ದರೆ ಸಡಿಲ. ಒಳಗೆ ನಿಂತು, ಬಾಯಲ್ಲಿ ಒಮ್ಮೆ ಊದಿದರೆ ಹೊರಗೆ ಬಂದರೆ ಸರಿಯಾದ ಹೊಂದಿಕೆ. ಊದಿದರೂ ಬಾರದಿದ್ದರೆ ಬಿಗಿ. ಇದನ್ನು ಮೈದಾನದಲ್ಲಿ, ಮಾರ್ಕರ್‌ನಿಂದ ನಳಿಗೆ ಬಿಚ್ಚಿಟ್ಟು, ಒರೆಸಿಕೊಂಡೇ ಮಾಡಬೇಕು. 10 ನಳಿಗೆಗಳಲ್ಲಿ 4 ಸ್ವಲ್ಪ ಅಗಲ, 6 ಸ್ವಲ್ಪ ಕಿರಿದು ಎಂದು ಗೊತ್ತಾಯಿತು. ಅಗಲದವಕ್ಕೆ ಕೆಂಪು ದಾರ, ಕಿರಿದವಕ್ಕೆ ಹಸಿರು ದಾರ ಕಟ್ಟಿದೆ. ಹೊಸ ಪೆಟ್ಟಿಗೆ ಒಡೆದಾಗ ತಮ್ಮ ಮೊದಲು ಊದಿ ನೋಡುತ್ತಾನೆ, ಆ ದಿನದ ಗುಂಡು ಯಾವ ಬಣ್ಣದ ದಾರಕ್ಕೆ ಎಂದು ತೀರ್ಮಾನಿಸುತ್ತಾನೆ.

ಜೊತೆಗೆ ಗುಂಡು ಇಡುವ ಕ್ರಮ ಬದಲಾಯಿಸಿದೆವು. ಬೇಳೆಕಾಳು ಇಡುವ ಗಾಳಿಯಾಡದ ಡಬ್ಬಿ, ನೆರಳಿನ ಜಾಗ, ವಾರಕ್ಕೆರಡು ಸಲ ಡಬ್ಬಿ ಮಗುಚಿ ಇಡುವುದು. ಒಂದೇ ಮಗ್ಗುಲಲ್ಲಿ ಬಹಳ ದಿನ ಕೂತರೆ ಗುಂಡು ಚಪ್ಪಟೆಯಾಗುತ್ತದೆ. ಫ್ರೀಜರಿನಲ್ಲಿಟ್ಟರೆ ಗಟ್ಟಿಯಾಗಿ ಚೆನ್ನಾಗಿ ಹಾರುತ್ತದೆ ಎಂದು ಕೆಲವು ಹುಡುಗರು ಹೇಳುತ್ತಾರೆ. ಅದು ತಪ್ಪು, ಅಪಾಯವೂ ಹೌದು. ಒಡೆಯದ ಗುಂಡು ಬಣ್ಣ ಹಾಕುವುದಿಲ್ಲ, ಗಾಯ ಮಾಡುತ್ತದೆ.

ಎರಡನೆಯ ಕೆಲಸ ಸೋರಿಕೆ. ಇದು ನಮಗೆಲ್ಲ ಅಡುಗೆಮನೆಯ ಪಾಠ. ಕುಕ್ಕರ್ ಸೀಟಿ ಹಾಕದೆ ಅಂಚಿನಲ್ಲಿ ಹಬೆ ಬಿಟ್ಟರೆ ನಾವು ಏನು ಮಾಡುತ್ತೇವೆ? ಗ್ಯಾಸ್ಕೆಟ್ ನೋಡುತ್ತೇವೆ. ಮಾರ್ಕರ್‌ನಲ್ಲಿ ಗ್ಯಾಸ್ಕೆಟ್ ಜಾಗದಲ್ಲಿ ಓ-ರಿಂಗ್ ಎಂಬ ಸಣ್ಣ ಬಳೆಗಳಿವೆ. ಆದರೆ ಒಂದು ಅಂತರ ಮನಸ್ಸಿನಲ್ಲಿರಲಿ. ಕುಕ್ಕರ್ ಸೀಟಿ ಏಳುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು ಒಂದು ಬಾರ್‌ನಷ್ಟು ಹೆಚ್ಚಿರುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿದ ಸಿಲಿಂಡರಿನೊಳಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲೇ ಸುಮಾರು 57 ಬಾರ್ ಇರುತ್ತದೆ. 31 ಡಿಗ್ರಿಗೆ ಅದು 74 ಬಾರ್ ಹತ್ತಿರ ಹೋಗುತ್ತದೆ. ಅದರ ಮೇಲೆ ಆ ಅನಿಲ ದ್ರವವಾಗಿ ಉಳಿಯುವುದೇ ಇಲ್ಲ, ಬಿಸಿಲು ಏರಿದಂತೆ ಒತ್ತಡ ಏರುತ್ತಲೇ ಹೋಗುತ್ತದೆ. ನಮ್ಮ ಊರಿನ ಮೇ ತಿಂಗಳು 40 ಡಿಗ್ರಿ ದಾಟುವುದು ನಿಮಗೆ ಗೊತ್ತೇ ಇದೆ. ಅದಕ್ಕೇ ಸಿಲಿಂಡರನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು. ತುಂಬಿಸುವಾಗ ತೂಕ ಮಾಡಿ, ಅದರ ಮೇಲೆ ಬರೆದಿರುವಷ್ಟೇ ತುಂಬಿಸಬೇಕು, "ಇನ್ನು ಸ್ವಲ್ಪ" ಎನ್ನಬಾರದು. ಸಿಲಿಂಡರ್, ಅದರ ವಾಲ್ವ್, ಅದರ ಸುರಕ್ಷತಾ ತಗಡು, ಈ ಮೂರಕ್ಕೆ ನಾನು ಕೈ ಹಾಕಿಲ್ಲ, ಹಾಕುವುದೂ ಇಲ್ಲ. ಅದು ಪರವಾನಗಿ ಇರುವವರ ಕೆಲಸ. ಮೇಲೆ ಕೊರೆದಿರುವ ಪರೀಕ್ಷೆಯ ತಾರೀಕು ಮುಗಿದಿದ್ದ 2 ಸಿಲಿಂಡರುಗಳನ್ನು ತಮ್ಮ ಪಕ್ಕಕ್ಕೆ ಇಟ್ಟುಬಿಟ್ಟ.

ಸಿಲಿಂಡರ್ ಮಾರ್ಕರ್‌ಗೆ ಕೂಡುವ ಕಡೆಯ ಓ-ರಿಂಗ್ ಮಾತ್ರ ಮೊದಲು ಹಾಳಾಗುವುದು. ಅದರ ಅಳತೆ ಸಂಖ್ಯೆ 015. ಸಾಮಾನ್ಯ ಕಪ್ಪು ರಬ್ಬರಿನದು ಈ ಅನಿಲವನ್ನು ಹೀರಿ ಉಬ್ಬುತ್ತದೆ, ಬಿರಿಯುತ್ತದೆ. ಯುರೆಥೇನ್‌ನದು ಬಹಳ ಕಾಲ ಬರುತ್ತದೆ. ಮಣಿಕೊಂಡದ ಹಾರ್ಡ್‌ವೇರ್ ಅಂಗಡಿಗಳಲ್ಲಿ ನಲ್ಲಿಯ ವಾಷರ್ ಸಿಗುತ್ತದೆ, ಇದು ಸಿಗಲಿಲ್ಲ. ಸಿಕಂದರಾಬಾದಿನ ರಾಣಿಗಂಜ್‌ಗೆ ಹೋದೆ. ಅಲ್ಲಿ ಬೇರಿಂಗ್, ಬೋಲ್ಟ್, ಪೈಪು, ಸೀಲು ಮಾರುವ ಅಂಗಡಿಗಳ ಸಾಲೇ ಇದೆ. ಅಂಗಡಿಯವರು "ಏಮಿ ಕಾವಾಲಮ್ಮಾ, ಕುಕ್ಕರ್‌ದಾ?" ಎಂದು ಕೇಳಿದರು. ಹಳೆಯ ರಿಂಗನ್ನು ಕೈಚೀಲದಿಂದ ತೆಗೆದು ತೋರಿಸಿ, ಸಂಖ್ಯೆ ಹೇಳಿದ ಮೇಲೆ ಅವರ ಧಾಟಿಯೇ ಬದಲಾಯಿತು. ಕುಳಿತುಕೊಳ್ಳಲು ಕುರ್ಚಿ ಹಾಕಿದರು. ಅಂಗಡಿಗೆ ಹೋಗುವಾಗ ಹಳೆಯ ಭಾಗವನ್ನೂ ಅದರ ಅಳತೆಯನ್ನೂ ತೆಗೆದುಕೊಂಡು ಹೋಗಿ, ಅರ್ಧ ಚೌಕಾಶಿ ಅಲ್ಲೇ ಮುಗಿಯುತ್ತದೆ. ಅಲ್ಲೇ ಇಂಚಿನ ಅಳತೆಯ ಅಲೆನ್ ಕೀಗಳೂ ಸಿಕ್ಕವು. ಮಿಲಿಮೀಟರಿನ ಕೀ ಹಾಕಿ ತಿರುಗಿಸಿದರೆ ಸ್ಕ್ರೂ ತಲೆ ಸವೆದು ಹಾಳಾಗುತ್ತದೆ, ಆಮೇಲೆ ಬಿಚ್ಚುವುದೇ ಕಷ್ಟ.

ಎಣ್ಣೆಯ ವಿಷಯ ಎಲ್ಲರೂ ಕೇಳುತ್ತೀರಿ. ತೆಂಗಿನೆಣ್ಣೆ ಬೇಡವೇ ಬೇಡ. ಅದು 24 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಮಾರ್ಕರ್ ಒಳಗೆ ಅನಿಲ ಹಿಗ್ಗುವಾಗ ಚಳಿಗಾಲದ ಬಾಟಲಿಯಷ್ಟೇ ತಣ್ಣಗಾಗುತ್ತದೆ. ತುಕ್ಕು ಬಿಡಿಸಲು ಸಿಂಪಡಿಸುವ ಸ್ಪ್ರೇಗಳು ರಬ್ಬರನ್ನು ತಿನ್ನುತ್ತವೆ. ಮಾರ್ಕರ್‌ಗೆಂದೇ ಬರುವ ತೆಳು ಎಣ್ಣೆ ಎರಡು ಹನಿ ಸಾಕು. ಇನ್ನು ಕೆಲವು ಮೈದಾನಗಳಲ್ಲಿ ಒತ್ತಿ ತುಂಬಿದ ಬರೀ ಗಾಳಿಯ ಸಿಲಿಂಡರ್ ಬಳಸುತ್ತಾರೆ. ಅದರ ಗಾಳಿ ತುಂಬುವ ಮೂತಿಗೆ ಒಂದು ಹನಿ ಎಣ್ಣೆಯೂ ತಾಗಬಾರದು. ಆ ಒತ್ತಡದಲ್ಲಿ ಎಣ್ಣೆ ಹೊತ್ತಿ ಸಿಡಿಯಬಹುದು.

ಒಳಭಾಗಗಳನ್ನು ಬಿಚ್ಚುವ ಕೆಲಸಕ್ಕೆ ನನ್ನ ವಿಧಾನ ಹೊಲಿಗೆ ಯಂತ್ರದ್ದು. ಒಂದು ಹಳೆಯ ಬಿಳಿ ಪಂಚೆ ಹಾಸುವುದು, ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸುವುದು, ಒಂದೊಂದು ಹಂತಕ್ಕೂ ಫೋನಿನಲ್ಲಿ ಫೋಟೊ. ನಳಿಗೆಯೊಳಗೆ ಒಣಗಿ ಅಂಟಿದ್ದ ಹಳೆಯ ಬಣ್ಣದ ಪದರ ಉಗುರುಬೆಚ್ಚನೆಯ ನೀರಿನಲ್ಲಿ ಕರಗಿ ಬಂತು. ಗುಂಡುಗಳು ಒಡೆಯುತ್ತಿದ್ದದ್ದಕ್ಕೆ ಆ ಪದರವೂ ಒಂದು ಕಾರಣ. ಒಂದು ಗುಂಡು ಒಡೆದರೆ ಅದರ ಅಂಟಿಗೆ ಮುಂದಿನ ನಾಲ್ಕು ಒಡೆಯುತ್ತವೆ. ಮೊದಲು 500 ಗುಂಡಿನ ಒಂದು ಚೀಲದಲ್ಲಿ 30ರ ಹತ್ತಿರ ಒಳಗೇ ಒಡೆಯುತ್ತಿದ್ದವು. ಹೊಂದಿಕೆ, ಶುಚಿ, ಓ-ರಿಂಗ್ ಈ ಮೂರೇ ಕೆಲಸ ಮುಗಿದ ಮೇಲೆ ಅದು ಐದಾರಕ್ಕೆ ಇಳಿಯಿತು. ಅನಿಲವೂ ಉಳಿಯಿತು. ತಮ್ಮನಿಗೆ ಅದೇ ಲಾಭ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗಕ್ಕೆ ಬರುತ್ತೇನೆ. ಮೈದಾನಕ್ಕೆ ಬರುವ ತಂಡಗಳಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. ಆದರೆ ಆಡುವವರು ಕಡಿಮೆ, ನೆರಳಿನಲ್ಲಿ ಕುಳಿತು ಎಲ್ಲರ ಫೋನು ಪರ್ಸು ಕಾಯುವವರು ಹೆಚ್ಚು. "ಹೆದರಿಕೆಯಾ?" ಎಂದು ಕೇಳಿದರೆ "ಇಲ್ಲ ಆಂಟಿ, ಇಷ್ಟ ಇಲ್ಲ" ಎನ್ನುತ್ತಾರೆ. ನಾನು ಪಕ್ಕದಲ್ಲಿ ಕುಳಿತು ಮಾತಾಡಿದಾಗ ನಿಜ ಸಂಗತಿ ಹೊರಗೆ ಬಂತು. ಮುಖವಾಡ ಗಂಡಸರ ತಲೆಯ ಅಳತೆಯದು, ತುರುಬಿನ ಮೇಲಿಂದ ಪಟ್ಟಿ ಜಾರುತ್ತದೆ. ಎದೆಗೆ ಗುಂಡು ಬಿದ್ದರೆ ಬಹಳ ನೋಯುತ್ತದೆ, ಕೊಟ್ಟ ಕವಚ ದೊಗಳೆ. ಸಿಲಿಂಡರ್ ಸಮೇತ ಮಾರ್ಕರ್ ಭಾರ, ಭುಜಕ್ಕೆ ಆನಿಸಿದರೆ ಟ್ರಿಗರ್‌ಗೆ ಕೈ ಎಟುಕುವುದಿಲ್ಲ. ಇದರಲ್ಲಿ ಯಾವುದು ಹೆದರಿಕೆ ಹೇಳಿ? ಬೇರೆಯವರ ಅಳತೆಗೆ ಹೊಲಿದ ರವಿಕೆ ಕೊಟ್ಟು, ಹಾಕಿಕೊಳ್ಳಲಿಲ್ಲ ಎಂದು ದೂರುವ ಹಾಗೆ ಇದು.

ಮುಖವಾಡದ ವಿಷಯ ತಮಾಷೆಯಲ್ಲ. ಮೈದಾನಗಳಲ್ಲಿ ಗುಂಡಿನ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 280 ಅಡಿಯ ಹತ್ತಿರ ಇಡುತ್ತಾರೆ, 300 ದಾಟಿಸುವುದಿಲ್ಲ. 280 ಅಡಿ ಎಂದರೆ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು. ಬಟ್ಟೆಯ ಮೇಲೆ ಬಿದ್ದರೆ ನೀಲಿಗಟ್ಟಿದ ಗುರುತು, ವಾರದಲ್ಲಿ ಹೋಗುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ನಮ್ಮ ಪಕ್ಕದ ಮೆಹದಿಪಟ್ನಂನಲ್ಲಿ ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆ ಇದೆ, ಬಂಜಾರಾ ಹಿಲ್ಸ್‌ನಲ್ಲಿ ಎಲ್.ವಿ. ಪ್ರಸಾದ್ ಸಂಸ್ಥೆ ಇದೆ, ಒಳ್ಳೆಯ ವೈದ್ಯರಿದ್ದಾರೆ. ಆದರೆ ಅಲ್ಲಿಗೆ ಹೋಗುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಆದ್ದರಿಂದ ಬಜೆಟ್ಟಿನ ದೊಡ್ಡ ಪಾಲು ಅಲ್ಲಿಗೇ ಹೋಯಿತು. ಗೀರು ಬಿದ್ದಿದ್ದ 4 ಮುಖವಾಡಗಳ ಗಾಜನ್ನು ಬದಲಾಯಿಸಿದೆವು. ಗಾಜು ಎನ್ನುತ್ತೇವೆ, ನಿಜಕ್ಕೂ ಅದು ಪಾಲಿಕಾರ್ಬೊನೇಟ್. ಕಿಟಕಿ ಒರೆಸುವ ದ್ರವ ಹಾಕಿದರೆ ಅದು ದುರ್ಬಲವಾಗುತ್ತದೆ, ಒದ್ದೆ ಮಾಡಿದ ಮೆತ್ತನೆಯ ಹತ್ತಿ ಬಟ್ಟೆ ಸಾಕು. ಎರಡು ಪದರದ ಗಾಜನ್ನು ನೀರಿನಲ್ಲಿ ಮುಳುಗಿಸಬಾರದು. ಅದಕ್ಕೆ ತೂತು ಕೊರೆಯುವುದು, ಅಂಟು ಹಚ್ಚುವುದು ಯಾವುದೂ ಮನೆಯ ಕೆಲಸವಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಹೊಲಿಗೆ. ಮುಖವಾಡದ ಮೂಲ ಪಟ್ಟಿಯನ್ನು ಹಾಗೇ ಬಿಟ್ಟು, ಜೊತೆಗೆ ಗದ್ದದ ಕೆಳಗೆ ಬರುವಂತೆ ಎಲಾಸ್ಟಿಕ್‌ನ ಇನ್ನೊಂದು ಪಟ್ಟಿ ಹೊಲಿದೆ. ತುರುಬು ಬಿಚ್ಚಿ ಕುತ್ತಿಗೆಯ ಹತ್ತಿರ ಕೆಳಜಡೆ ಹಾಕಿಕೊಂಡರೆ ಪಟ್ಟಿ ಜಾರುವುದಿಲ್ಲ ಎಂದು ಹೇಳಿಕೊಡುತ್ತೇವೆ. ಹಳೆಯ ಜೀನ್ಸ್ ಬಟ್ಟೆಯೊಳಗೆ ಯೋಗ ಚಾಪೆಯಂಥ ಫೋಮ್ ಎರಡು ಪದರ ಇಟ್ಟು, ಪಕ್ಕದಲ್ಲಿ ವೆಲ್ಕ್ರೊ ಕೊಟ್ಟು, ಮೂರು ಅಳತೆಯಲ್ಲಿ 6 ಎದೆಕವಚ ಹೊಲಿದೆ. ರವಿಕೆಯ ಹಾಗೆ ಮುಂಭಾಗಕ್ಕೆ ಡಾರ್ಟ್ ಹಿಡಿದೆ, ಅದರಿಂದ ಕವಚ ಮೈಗೆ ಕೂರುತ್ತದೆ. ಕುತ್ತಿಗೆಗೆ ಅದೇ ಬಟ್ಟೆಯ ಪಟ್ಟಿ. ದುಪಟ್ಟಾ ಬೇಡ, ಪೊದೆಗೆ ಸಿಕ್ಕಿಕೊಳ್ಳುತ್ತದೆ. ಮಾರ್ಕರ್ ಹಿಡಿಗೆ ಬ್ಯಾಡ್ಮಿಂಟನ್ ರ‍್ಯಾಕೆಟ್‌ಗೆ ಸುತ್ತುವ ತೆಳು ಪಟ್ಟಿ ಸುತ್ತಿದೆ, ಬೆವರಿದ ಕೈಯಿಂದ ಜಾರುವುದಿಲ್ಲ. ಈ ಮಾದರಿಯಲ್ಲಿ ಹಿಂದಿನ ಸಿಲಿಂಡರೇ ಭುಜಕ್ಕೆ ಆನಿಸುವ ಭಾಗ. ತಮ್ಮನ ಹತ್ತಿರ ಮೂಲೆಯಲ್ಲಿ ಬಿದ್ದಿದ್ದ 4 ಚಿಕ್ಕ ಸಿಲಿಂಡರುಗಳನ್ನು ಕುಳ್ಳಗಿರುವವರಿಗೆಂದು ಮೀಸಲಿಟ್ಟೆವು. ಭಾರವೂ ಇಳಿಯಿತು, ಕೈಯೂ ಎಟುಕಿತು.

ಸಂಕ್ರಾಂತಿಯ ನಂತರದ ಭಾನುವಾರ ನಿಮ್ಮಲ್ಲೇ 11 ಜನ ಬಂದು ಆಡಿದ್ದಿರಿ, ನೆನಪಿದೆಯಲ್ಲ? ಆ ದಿನ ನೆರಳಿನಲ್ಲಿ ಕುಳಿತು ಪರ್ಸು ಕಾದವರು ನಿಮ್ಮ ಯಜಮಾನರುಗಳು.

ಇನ್ನು ವೇಗದ ಮಾತು. ‘ಮಾರ್ಪಾಡು’ ಎಂದ ಕೂಡಲೇ ಹುಡುಗರಿಗೆ ತೋರುವುದು ಅದೊಂದೇ. ಗಟ್ಟಿ ಸ್ಪ್ರಿಂಗ್ ಹಾಕು, ಸ್ಕ್ರೂ ತಿರುಗಿಸು, ಜೋರು ಮಾಡು. ನಮ್ಮ ಮಾರ್ಕರಿನ ಎಡಬದಿಯಲ್ಲಿ ವೇಗದ ಸ್ಕ್ರೂ ಇದೆ. ಬಲಕ್ಕೆ ತಿರುಗಿಸಿದರೆ ವೇಗ ಇಳಿಯುತ್ತದೆ, ಎಡಕ್ಕೆ ತಿರುಗಿಸಿದರೆ ಏರುತ್ತದೆ. ಲೆಕ್ಕ ನೋಡಿ, ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 10% ಏರಿಸಿದರೆ ಪೆಟ್ಟು 21% ಏರುತ್ತದೆ. ಗುರಿ ಮಾತ್ರ ಒಂದು ಕೂದಲಿನಷ್ಟೂ ಸುಧಾರಿಸುವುದಿಲ್ಲ, ಗುಂಡು ಒಳಗೆ ಒಡೆಯುವುದು ಹೆಚ್ಚುತ್ತದೆ. ಹಾಗಾಗಿ ಕ್ರೋನೋಗ್ರಾಫ್ ಎಂಬ ವೇಗಮಾಪಕ ಕೊಂಡೆವು. ಪ್ರತಿ ಆಟದ ದಿನ ಬೆಳಿಗ್ಗೆ ಒಂದು ಸಲ, ಬಿಸಿಲೇರಿದ ಮೇಲೆ ಮತ್ತೊಂದು ಸಲ 10 ಮಾರ್ಕರ್‌ಗಳನ್ನೂ ಅಳೆದು, ಬಿಸಿಲಿಗೆ ಏರಿದ್ದರೆ ಇಳಿಸುತ್ತೇವೆ. ಅಳೆದು ಹೊಂದಿಸಿದ ಮೇಲೆ ಸ್ಕ್ರೂ ಮತ್ತು ಅದರ ಅಂಚಿನ ಮೇಲೆ ಒಂದು ಚುಕ್ಕೆ ಕೆಂಪು ನೇಲ್ ಪಾಲಿಶ್ ಹಚ್ಚುತ್ತೇನೆ. ಯಾರಾದರೂ ತಿರುಗಿಸಿದರೆ ಚುಕ್ಕೆ ಒಡೆಯುತ್ತದೆ, ಕೂಡಲೇ ಗೊತ್ತಾಗುತ್ತದೆ. ಎಂಜಿನಿಯರುಗಳು ಇದಕ್ಕೇ ಬೇರೆ ದುಬಾರಿ ಬಣ್ಣ ಬಳಸುತ್ತಾರಂತೆ. ನಮ್ಮದು ₹40.

ಒಮ್ಮೆ 24 ಜನರ ಒಂದು ತಂಡ ಬಂತು. ಇಡೀ ದಿನದ ಬುಕಿಂಗ್. ಎರಡು ಆಟ ಆದ ಮೇಲೆ "ಪೆಟ್ಟು ಗೊತ್ತೇ ಆಗುತ್ತಿಲ್ಲ, ಜೋರು ಮಾಡಿ, ಇಲ್ಲದಿದ್ದರೆ ಹೋಗುತ್ತೇವೆ" ಎಂದು ಪಟ್ಟು ಹಿಡಿದರು. ತಮ್ಮ ಫೋನ್ ಮಾಡಿದ. "ಅಕ್ಕ, ಈ ತಿಂಗಳ ಬಾಡಿಗೆ ಇವರದ್ದೇ. ಒಂದೇ ಒಂದು ಸುತ್ತು ತಿರುಗಿಸ್ಲಾ?" ನಾನು ಕೇಳಿದ್ದು ಒಂದೇ ಪ್ರಶ್ನೆ. "ಅವರಲ್ಲಿ ಯಾರಾದರೂ ಆಟದ ನಡುವೆ ಮುಖವಾಡ ಎತ್ತಿ ಬೆವರು ಒರೆಸಿಕೊಂಡದ್ದು ನೋಡಿದ್ಯಾ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಬ್ಬರು" ಎಂದ. "ಹಾಗಾದರೆ ಬೇಡ" ಎಂದೆ. ತಂಡ ಅರ್ಧ ಹಣ ಕೊಟ್ಟು ಹೊರಟುಹೋಯಿತು. ಆ ತಿಂಗಳು ಬಾಡಿಗೆಗೆ ಕೈಗಡ ಮಾಡಬೇಕಾಯಿತು. ಅವರು ಮತ್ತೆ ಬರಲೂ ಇಲ್ಲ. ಈ ಕಥೆಗೆ ಸುಖಾಂತ್ಯವೇನಿಲ್ಲ. ಆದರೆ ಆ ಇಬ್ಬರು ಎರಡು ಕಣ್ಣಿನೊಂದಿಗೆ ಮನೆಗೆ ಹೋದರು. ಅವರಿಗೂ ಅಕ್ಕ, ಅಮ್ಮ ಇರುತ್ತಾರೆ.

ಖರ್ಚಿನ ಲೆಕ್ಕ ಕೇಳದೆ ನೀವು ಬಿಡುವುದಿಲ್ಲ. 4 ಗಾಜಿಗೆ ₹6,000. ವೇಗಮಾಪಕಕ್ಕೆ ₹3,500. ಫೋಮ್‌ಗೆ ₹1,800. ನಳಿಗೆ ಒರೆಸುವ ಸಾಧನಗಳಿಗೆ ₹900. ಅಲೆನ್ ಕೀಗಳಿಗೆ ₹500. ಎಲಾಸ್ಟಿಕ್, ವೆಲ್ಕ್ರೊ, ದಾರಕ್ಕೆ ₹700. ಓ-ರಿಂಗುಗಳಿಗೆ ₹600. ಎಣ್ಣೆಗೆ ₹400. ಹಿಡಿಯ ಪಟ್ಟಿಗೆ ₹400. ನೇಲ್ ಪಾಲಿಶ್ ₹40. ಒಟ್ಟು ₹14,840. ಉಳಿದ ₹160ಕ್ಕೆ ತಮ್ಮ ಅತ್ತೆಯವರಿಗೆ ಮಲ್ಲಿಗೆ ಹೂವು, ಮೈಸೂರು ಪಾಕು ತಂದುಕೊಟ್ಟ. ಜೀನ್ಸ್ ಬಟ್ಟೆಗೆ ಹಣ ಹತ್ತಲಿಲ್ಲ, ನಿಮ್ಮಲ್ಲೇ ಹಲವರು ಕೊಟ್ಟಿರಿ. ಅದಕ್ಕೆ ಈ ವೇದಿಕೆಯಿಂದಲೇ ನನ್ನ ಕೃತಜ್ಞತೆ.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ವೇಗ ಹೆಚ್ಚಿಸಲು ಒಂದು ರೂಪಾಯಿಯೂ ಇಲ್ಲ. ಕಣ್ಣಿಗೆ, ಅಳತೆಗೆ, ಶುಚಿಗೆ, ಮೈಗೆ ಹೊಂದುವುದಕ್ಕೆ ಇದೆ. ಕೈಯಲ್ಲಿ ಹಣ ಕಡಿಮೆ ಇದ್ದಾಗ ಯಾವುದು ಮೊದಲು, ಯಾವುದು ಬೇಡವೇ ಬೇಡ ಎಂದು ತೂಗಿ ನೋಡುವುದು ನಾವು ತಿಂಗಳ ಕೊನೆಯ ವಾರದಲ್ಲಿ ಮಾಡುತ್ತಲೇ ಬಂದಿರುವ ಕೆಲಸ. ಅದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ನನ್ನದು ಬಿ.ಎ.

ನಿಮ್ಮ ಮನೆಯ ಮಕ್ಕಳು ಇಂಥ ಮೈದಾನಕ್ಕೆ ಹೊರಟರೆ ತಡೆಯಬೇಡಿ. ಆದರೆ ನಾಲ್ಕು ವಿಷಯ ಕೇಳಿ ಕಳಿಸಿ. ಅಲ್ಲಿ ವೇಗ ಅಳೆಯುತ್ತಾರೆಯೇ? ಮುಖವಾಡದ ಗಾಜಿನ ಮೇಲೆ ಗೀರು ಬಿರುಕು ಇವೆಯೇ? ಆಟದ ಅಂಗಳದ ಹೊರಗೆ ಬಂದ ಕೂಡಲೇ ನಳಿಗೆಯ ಮೂತಿಗೆ ಮುಚ್ಚಳದ ಚೀಲ ಹಾಕಿಸುತ್ತಾರೆಯೇ? ಸಿಲಿಂಡರಿನ ಪರೀಕ್ಷೆಯ ತಾರೀಕು ಮುಗಿದಿದೆಯೇ? ಉತ್ತರ ಕೊಡಲು ತಡವರಿಸುವ ಮೈದಾನ ಬೇಡ. ಮಕ್ಕಳಿಗೆ ಹೇಳಬೇಕಾದ್ದು ಒಂದೇ ಮಾತು: ಏನೇ ಆದರೂ, ಬೆವರು ಸುರಿದರೂ, ಮಂಜು ಕವಿದು ಏನೂ ಕಾಣದಿದ್ದರೂ, ಅಂಗಳದ ಒಳಗೆ ಮುಖವಾಡ ತೆಗೆಯಬಾರದು. ಕೈ ಎತ್ತಿ ಹೊರಗೆ ಬಂದು ತೆಗೆಯಬೇಕು.

ಕಳೆದ ಆಯುಧ ಪೂಜೆಯ ದಿನ ನಮ್ಮ ಅತ್ತೆ ಹೊಲಿಗೆ ಯಂತ್ರ, ಮಿಕ್ಸಿ, ಕುಡುಗೋಲಿನ ಪಕ್ಕದಲ್ಲಿ ಆ 10 ಮಾರ್ಕರ್‌ಗಳನ್ನೂ ಸಾಲಾಗಿ ಇಡಿಸಿ ಕುಂಕುಮ ಹಚ್ಚಿದರು. "ನಳಿಗೆ ಬಾಯಿಗೆ ಹಚ್ಚಬೇಡಿ ಅತ್ತೆ, ಒಳಗೆ ಹೋಗುತ್ತದೆ" ಎಂದರೆ, "ಅಷ್ಟು ನನಗೂ ಗೊತ್ತು" ಎಂದರು.

ಮುಂದಿನ ತಿಂಗಳು ಎರಡನೆಯ ಶನಿವಾರ ಇನ್ನೂ 6 ಎದೆಕವಚ ಹೊಲಿಯುವುದಿದೆ. ಹಳೆಯ ಜೀನ್ಸ್ ಇದ್ದವರು ತನ್ನಿ, ಕತ್ತರಿ ಹಿಡಿಯಲು ಬರುವವರು ಸುಮ್ಮನೆ ಬನ್ನಿ. ಚಹಾ ಅವಲಕ್ಕಿ ನನ್ನದು.